ಹಿಮದಲ್ಲಿ ಓಡಿದ ಬೂಟುಗಳು

ದಿಲ್ಲಿಯ ಮಾಘದ ಚಳಿಯನ್ನು ಕಂಡವರಿಗೆ ಅದರ ವರ್ಣನೆ ಬೇಕಿಲ್ಲ. ಬೆಳಗಿನ ಆರು ಗಂಟೆಗೆ ರಜಾಯಿಯೊಳಗಿಂದ ಮೂಗಿನ ತುದಿಯನ್ನಷ್ಟೆ ಹೊರಗೆ ಚಾಚಿ, ಮಂಜು ಎಷ್ಟಿದೆಯೆಂದು ಅಳೆದು, ಮತ್ತೆ ಒಳಗೆ ಸೇರಿಕೊಳ್ಳುವ ವಿದ್ಯೆಯನ್ನು ಧಾರವಾಡ, ಮೈಸೂರುಗಳ ಕಡೆಯಿಂದ ಬಂದ ನಾವೆಲ್ಲ ಒಂದೇ ವರ್ಷದಲ್ಲಿ ಕಲಿತುಬಿಡುತ್ತೇವೆ. ‘ನಾಳೆಯಿಂದ ಬೆಳಗಿನ ತಿರುಗಾಟ’ ಎಂಬ ಸಂಕಲ್ಪವು ನಮ್ಮ ಮನೆಯಲ್ಲಿ ಡಿಸೆಂಬರಿನಲ್ಲಿ ಹುಟ್ಟಿ ಶಿವರಾತ್ರಿಯವರೆಗೂ ಹಾಸಿಗೆ ಬಿಟ್ಟೇಳುವುದಿಲ್ಲ. ಇಂಥವನಿಗೆ ಹಿಮ ಬಿದ್ದ ಕಾಡಿನಲ್ಲಿ ಓಡಿದವನೊಬ್ಬನ ಕಥೆ ಬರೆಯುವ ಅಧಿಕಾರವೆಲ್ಲಿಯದೆಂದು ವಾಚಕರು ಕೇಳಬಹುದು. ಅಧಿಕಾರವೇನೂ ಇಲ್ಲ, ಸೋಜಿಗವಷ್ಟೆ.

ಕಥೆ ಆರಂಭವಾಗುವುದು ನಮಗೆಲ್ಲ ಪರಿಚಿತವಾದ ಒಂದು ಹೆಸರಿನಿಂದ: ಬಾಟಾ. ಜೂನಿನಲ್ಲಿ ಶಾಲೆ ತೆರೆಯುವ ಮುನ್ನ ಅಪ್ಪ ನಮ್ಮನ್ನು ಸಾಲಾಗಿ ಕರೆದೊಯ್ದು, ಎರಡು ಬೆರಳು ದೊಡ್ಡದಾದ ಕರಿಯ ಬೂಟು ಕೊಡಿಸುತ್ತಿದ್ದ ಅಂಗಡಿ. ಅದು ನಮ್ಮ ದೇಶದ್ದೇ ಎಂದು ನಾನು ಬಹುಕಾಲ ನಂಬಿದ್ದೆ. ಅದರ ಮೂಲಸ್ಥಾನ ಮೊರಾವಿಯ ಪ್ರಾಂತದ ಜ್ಲೀನ್ ಎಂಬ ಊರು. ಇಂದಿನ ಜೆಕ್ ಗಣರಾಜ್ಯದಲ್ಲಿದೆ. ಅಲ್ಲಿಯ ಬಾಟಾ ಕಾರ್ಖಾನೆಗೆ ಹದಿನಾರರ ಪ್ರಾಯದಲ್ಲಿ ಕೆಲಸಕ್ಕೆ ಸೇರಿದ ಬಡಗಿಯೊಬ್ಬನ ಮಗನೇ ಎಮಿಲ್ ಝಾಟೊಪೆಕ್. ಹುಟ್ಟಿದ್ದು ೧೯೨೨ರ ಸೆಪ್ಟೆಂಬರ್ ೧೯ರಂದು. ಓಟದಲ್ಲಿ ಅವನಿಗೆ ಆಸೆಯೇ ಇರಲಿಲ್ಲ. ೧೯೪೧ರಲ್ಲಿ ಕಾರ್ಖಾನೆಯ ಪಂದ್ಯವೊಂದಕ್ಕೆ ಓಡಲೇಬೇಕೆಂದು ಮೇಲಿನವರು ಹೇಳಿದಾಗ, ಮೈ ಸರಿಯಿಲ್ಲವೆಂದು ತಪ್ಪಿಸಿಕೊಳ್ಳಲು ನೋಡಿದ. ವೈದ್ಯರು ಪರೀಕ್ಷಿಸಿ ‘ಏನೂ ಆಗಿಲ್ಲ, ಓಡು’ ಎಂದರು. ಓಡಿದ, ನೂರು ಮಂದಿಯಲ್ಲಿ ಎರಡನೆಯವನಾದ. ರೋಗ ಅಂಟಿದ್ದು ಅಂದೇ!

ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಸೇರಿದ. ಆ ದೇಶದಲ್ಲಿ ಚಳಿಗಾಲ ಬಂತೆಂದರೆ ಓಟದ ಅಂಗಳಗಳು ಹಿಮದ ಕೆಳಗೆ ಮಲಗಿಬಿಡುತ್ತವೆ. ಝಾಟೊಪೆಕ್ ಭಾರವಾದ ಸಿಪಾಯಿ ಬೂಟು ತೊಟ್ಟು ಕಾಡಿಗೆ ಹೋದ. ಹಿಮದಲ್ಲಿ ಹೆಜ್ಜೆ ಹೂತುಹೋಗುತ್ತದೆ. ಪ್ರತಿಯೊಂದು ಕಾಲನ್ನೂ ಕಿತ್ತು ಮೇಲೆತ್ತಬೇಕು. ಗದ್ದೆಯ ಕೆಸರಿನಲ್ಲಿ ನಡೆದು ಬಲ್ಲವರಿಗೆ ಇದರ ಅಂದಾಜು ಸಿಕ್ಕೀತು. ಬೂಟು ಹಿಮದಲ್ಲಿ ಜಾರದಂತೆ ಕಾಪಾಡುತ್ತಿತ್ತು, ಕಾಲಿಗೆ ಭಾರವನ್ನೂ ಹೊರಿಸುತ್ತಿತ್ತು. ವಸಂತದಲ್ಲಿ ಅದನ್ನು ಕಳಚಿ ಹಗುರವಾದ ಮೊಳೆಬೂಟು ಹಾಕಿದರೆ ಕಾಲಿಗೆ ರೆಕ್ಕೆ ಬಂದಂತಾಗದೆ ಇದ್ದೀತೆ? ಓಟದ ಕ್ರಮವೂ ವಿಚಿತ್ರವೇ. ನಾನ್ನೂರು ಮೀಟರು ಬಿರುಸಾಗಿ ಓಡುವುದು, ಸ್ವಲ್ಪ ದೂರ ಮೆಲ್ಲಗೆ ಓಡುವುದು, ಮತ್ತೆ ನಾನ್ನೂರು. ಮೊದಲು ಇಪ್ಪತ್ತು ಸಲ ಮಾಡುತ್ತಿದ್ದುದು ಬೆಳೆಯುತ್ತ ಬೆಳೆಯುತ್ತ ಕೆಲವು ದಿನ ಅರವತ್ತಕ್ಕೂ ಮೀರಿತು. ಇವನಿಗೆ ಹುಚ್ಚು ಹಿಡಿದಿದೆಯೆಂದು ನೋಡಿದವರು ಹೇಳಿದರೆ ಅವರದು ತಪ್ಪಲ್ಲ.

ಚಳಿಯಲ್ಲಿ ಓಡುವವನು ಹೆಪ್ಪುಗಟ್ಟುವುದಿಲ್ಲವೆ ಎಂದು ನಮ್ಮ ಮನೆಯವಳು ಕೇಳಿದಳು. ಓಡುತ್ತಿರುವಷ್ಟು ಹೊತ್ತು ಆ ಭಯ ಕಡಿಮೆ. ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗಿ ಹೋಗುವುದರಿಂದ ದೇಹ ಒಲೆಯಂತೆ ಇರುತ್ತದೆ. ಅಪಾಯ ನಿಂತಾಗ. ಬೆವರಿನಿಂದ ಒದ್ದೆಯಾದ ಬಟ್ಟೆ ಮೈಯ ಬಿಸಿಯನ್ನು ಕ್ಷಣದಲ್ಲಿ ಹೀರಿಬಿಡುತ್ತದೆ. ರಕ್ತ ಕಡಿಮೆ ತಲುಪುವ ಕಿವಿ, ಬೆರಳು, ಮೂಗಿನ ತುದಿಗಳಿಗೆ ಮೊದಲ ಪೆಟ್ಟು.

ಹಿಮ ವಿಪರೀತವಾದ ದಿನಗಳ ಬಗ್ಗೆ ಒಂದು ಕಥೆ ಹೇಳುತ್ತಾರೆ. ಸ್ನಾನದ ತೊಟ್ಟಿಯಲ್ಲಿ ಮನೆಯ ಕೊಳೆ ಬಟ್ಟೆಗಳನ್ನು ತುಂಬಿ, ಸಾಬೂನು ನೀರು ಹೊಯ್ದು, ಅದರ ಮೇಲೆ ನಿಂತಲ್ಲೇ ಗಂಟೆಗಟ್ಟಲೆ ಓಡುತ್ತಿದ್ದನಂತೆ! ವ್ಯಾಯಾಮವೂ ಆಯಿತು, ಒಗೆತವೂ ಆಯಿತು. ನಮ್ಮ ಸಂಘದ ಮಹಿಳಾ ವಿಭಾಗದವರು ಇದನ್ನು ಗಮನಿಸಬೇಕಾಗಿ ವಿನಂತಿ.

೧೯೪೮ರ ಲಂಡನ್ ಒಲಿಂಪಿಕ್ ಕೂಟದಲ್ಲಿ ಹತ್ತು ಸಾವಿರ ಮೀಟರಿನ ಚಿನ್ನ, ಐದು ಸಾವಿರದ ಬೆಳ್ಳಿ. ಆದರೆ ಜಗತ್ತು ಬೆರಗಾದದ್ದು ೧೯೫೨ರ ಹೆಲ್ಸಿಂಕಿಯಲ್ಲಿ. ಜುಲೈ ೨೦ರಂದು ಹತ್ತು ಸಾವಿರ ಮೀಟರನ್ನು ಗೆದ್ದ, ೨೪ರಂದು ಐದು ಸಾವಿರವನ್ನು ಗೆದ್ದ. ಅದೇ ದಿನ ಹೆಂಡತಿ ದಾನಾ, ಗಂಡನ ಪದಕವನ್ನು ಶುಭವಾಗಲೆಂದು ಕೇಳಿ ಪಡೆದು ಚೀಲದಲ್ಲಿಟ್ಟುಕೊಂಡು ಹೋಗಿ, ಭರ್ಚಿ ಎಸೆತದಲ್ಲಿ ತಾನೂ ಚಿನ್ನ ಗೆದ್ದಳು. (ಇವರಿಬ್ಬರೂ ಹುಟ್ಟಿದ್ದು ಒಂದೇ ವರ್ಷ, ಒಂದೇ ದಿನ. ನಮ್ಮ ಜೋಯಿಸರು ಏನೆನ್ನುವರೋ!) ೨೭ರಂದು ಮ್ಯಾರಥಾನ್. ಅದನ್ನು ಆತ ಹುಟ್ಟಿದಂದಿನಿಂದ ಒಮ್ಮೆಯೂ ಓಡಿದವನಲ್ಲ. ಆದ್ದರಿಂದ ಪ್ರಖ್ಯಾತ ಇಂಗ್ಲಿಷ್ ಓಟಗಾರ ಜಿಮ್ ಪೀಟರ್ಸನ ಪಕ್ಕದಲ್ಲೇ ಓಡುತ್ತ, ಈ ವೇಗ ಸರಿಯೇ ಎಂದು ವಿಚಾರಿಸಿದ. ಪೀಟರ್ಸ್, ಅವನನ್ನು ದಣಿಸಲೆಂದೋ ಏನೋ, ಇದು ಬಲು ನಿಧಾನವೆಂದ. ಹಾಗಾದರೆ ಸರಿಯೆಂದು ಝಾಟೊಪೆಕ್ ಮುಂದೆ ಹೊರಟ. ಪೀಟರ್ಸ್ ಗುರಿ ಮುಟ್ಟಲಿಲ್ಲ. ಈತ ೨ ಗಂಟೆ ೨೩ ನಿಮಿಷ ೩ ಸೆಕೆಂಡಿನಲ್ಲಿ, ಎರಡನೆಯವನಿಗಿಂತ ಎರಡೂವರೆ ನಿಮಿಷ ಮೊದಲೇ ಬಂದ. ಈ ಮೂರೂ ಓಟಗಳನ್ನು ಒಂದೇ ಒಲಿಂಪಿಕ್ಕಿನಲ್ಲಿ ಇಂದಿಗೂ ಮತ್ತೊಬ್ಬರು ಗೆದ್ದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಖಾಂತ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆಮೇಲಿನ ಚಳಿಗಾಲಗಳು. ೧೯೬೮ರ ಆಗಸ್ಟಿನಲ್ಲಿ ಸೋವಿಯೆತ್ ಟ್ಯಾಂಕುಗಳು ಪ್ರಾಗಿನೊಳಗೆ ಬಂದಾಗ ಝಾಟೊಪೆಕ್ ಬೀದಿಯಲ್ಲಿ ನಿಂತು ಅದನ್ನು ಖಂಡಿಸಿದ. ಫಲವಾಗಿ ಪಕ್ಷದಿಂದ ಹೊರಗೆ, ಸೈನ್ಯದಿಂದಲೂ ಹೊರಗೆ. ನಾಲ್ಕು ಚಿನ್ನದ ಪದಕಗಳ ಒಡೆಯ, ಐವತ್ತರ ಅಂಚಿನಲ್ಲಿ, ನೆಲಕ್ಕೆ ಬೈರಿಗೆ ಕೊರೆದು ನೀರು, ಖನಿಜ ಹುಡುಕುವ ತಂಡದಲ್ಲಿ ಕೂಲಿಯಾಗಿ ಊರೂರು ಅಲೆದ. ಮಲಗುವುದು ಗಾಲಿಯ ಮೇಲಿನ ಗೂಡಿನಲ್ಲಿ. ಪ್ರಾಗಿನ ಮನೆಗೆ, ದಾನಾಳ ಬಳಿಗೆ, ಬರುವುದು ಬಿಡುವು ಸಿಕ್ಕಾಗ. ಸಂಸಾರವನ್ನು ಒಂದೂರಲ್ಲಿ ಬಿಟ್ಟು ಮತ್ತೊಂದೂರಲ್ಲಿ ದುಡಿಯುವುದೇನೆಂದು ನಮ್ಮ ಸಂಘದ ಹಿರಿಯರಿಗೆ ನಾನು ಹೇಳಬೇಕಿಲ್ಲ. ಆದರೆ ನಾವು ಇಷ್ಟಪಟ್ಟು ಬಂದವರು.

ಒತ್ತಡಕ್ಕೆ ಮಣಿದು ಮುಂದೆ ಆತ ತನ್ನ ಮಾತುಗಳನ್ನು ಹಿಂತೆಗೆದುಕೊಂಡ. ಹಳೆಯ ಗೆಳೆಯರಲ್ಲಿ ಕೆಲವರು ಇದನ್ನು ಕ್ಷಮಿಸಲಿಲ್ಲ. ಬೆಚ್ಚಗೆ ಕುಳಿತು ಓದುವ ನನಗೆ ಅವನನ್ನು ಹಳಿಯಲು ಬಾಯಿ ಬಾರದು.

ಸರಕಾರ ಅವನ ಮರ್ಯಾದೆಯನ್ನು ಹಿಂದಿರುಗಿಸಿದ್ದು ೧೯೯೦ರಲ್ಲಿ. ೨೦೦೦ದ ನವೆಂಬರಿನಲ್ಲಿ, ಚಳಿ ಕಾಲಿಡುತ್ತಿದ್ದಾಗ, ಪ್ರಾಗಿನಲ್ಲಿ ತೀರಿಕೊಂಡ. ದಾನಾ ಇನ್ನೂ ಇಪ್ಪತ್ತು ಚಳಿಗಾಲಗಳನ್ನು ಒಬ್ಬಳೇ ಕಳೆದು, ೨೦೨೦ರ ಮಾರ್ಚಿನಲ್ಲಿ, ತೊಂಬತ್ತೇಳರ ವಯಸ್ಸಿನಲ್ಲಿ ಹೋದಳು.