ಬಾಗಿಲ ಮೇಲೆ ಗಾಲಿಕುರ್ಚಿ ಚಿತ್ರ ಬರೆದರೆ ಸಾಕೇ?

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನಾವು ಕನ್ನಡಿಗರು ಹೆಚ್ಚಾಗಿ ಮಗ್ಗದವರು, ಹೊಲದವರು. ಮನೆಯಲ್ಲಿ ಕನ್ನಡ, ಪಕ್ಕದ ಬೀದಿಯಲ್ಲಿ ತೆಲುಗು, ಪೇಟೆಯಲ್ಲಿ ತಮಿಳು. ಈ ಮೂರು ಭಾಷೆಯಲ್ಲೂ ಗಟ್ಟಿಯಾಗಿ ಕೇಳಲು ನಾಚುವ ಪ್ರಶ್ನೆಯೊಂದಿದೆ: ಪೇಟೆಗೆ ಬಂದ ಅಂಗವಿಕಲರು ಶೌಚಕ್ಕೆ ಎಲ್ಲಿ ಹೋಗಬೇಕು?

ನಮ್ಮಣ್ಣನ ಮಗಳು ಗಾಲಿಕುರ್ಚಿಯವಳು. ಉಡುಮಲೆಪೇಟೆ ಕಡೆಯಿಂದ ಕೊಯಮತ್ತೂರಿಗೆ ಹೊರಡುವ ದಿನ ಬೆಳಗಿನಿಂದ ಒಂದು ಗುಟುಕು ನೀರೂ ಮುಟ್ಟೋದಿಲ್ಲ. "ಕುಡಿದ್ರೆ ಹೋಗಬೇಕಲ್ಲ ಚಿಕ್ಕಪ್ಪ" ಅಂತಾಳೆ. ಒಮ್ಮೆ ಒಂದು ಕಡೆ ಗಾಲಿಕುರ್ಚಿ ಚಿತ್ರದ ಬಾಗಿಲು ಕಂಡು ಹಿಗ್ಗಿದೆವು. ಬೀಗ ತೆಗೆಸಿದರೆ ಒಳಗೆ ಪೊರಕೆ, ಬಕೆಟ್ಟು, ಸುಣ್ಣದ ಮೂಟೆ!

ಶೌಚಾಲಯ ಪೂರ್ತಿ ಅನುಕೂಲವಾಗಬೇಕಾದರೆ ಮೆಟ್ಟಿಲ ಬದಲು ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು ಬೇಕು. ಬಾಗಿಲು 900 ಮಿಲಿಮೀಟರ್ ಅಗಲವಿದ್ದು, ಒಳಗೆ ಕುರ್ಚಿ ತಿರುಗಲು 1,500 ಮಿಲಿಮೀಟರ್ ಜಾಗ, ಕುಳಿತೇಳಲು ಹಿಡಿಕಂಬಿ ಇರಬೇಕು. ಇದರಲ್ಲಿ ಒಂದು ತಪ್ಪಿದರೂ ಉಳಿದದ್ದೆಲ್ಲ ದಂಡ. ತಾನಾಗಿ ಏಳಲಾರದ ದೊಡ್ಡವರಿಗೆ ಇಷ್ಟೂ ಸಾಲದು. ಅದಕ್ಕೇ ಬ್ರಿಟನ್ನಿನಲ್ಲಿ 2006ರಲ್ಲಿ 'ಚೇಂಜಿಂಗ್ ಪ್ಲೇಸಸ್' ಚಳವಳಿ ಹುಟ್ಟಿತು. ಮಲಗಿಸಿ ಬಟ್ಟೆ ಬದಲಿಸುವ ಮಂಚ, ಮೇಲೆತ್ತುವ ಯಂತ್ರ ಅವರ ಬೇಡಿಕೆ. ಇಂಗ್ಲೆಂಡಿನಲ್ಲಿ 2021ರಿಂದ ಹೊಸ ದೊಡ್ಡ ಸಾರ್ವಜನಿಕ ಕಟ್ಟಡಗಳಿಗೆ ಇದು ಕಡ್ಡಾಯ.

ಕೊಯಮತ್ತೂರಿನಲ್ಲೂ ಕೆಲಸ ಶುರುವಾಗಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವಿರುವ ಸ್ವರ್ಣಲತಾ ಅವರು ಕಟ್ಟಿದ ಸ್ವರ್ಗ ಫೌಂಡೇಶನ್ ರೈಲು ನಿಲ್ದಾಣಗಳನ್ನು ಅಂಗವಿಕಲರಿಗೆ ಅನುಕೂಲ ಮಾಡಿಸಲು ದುಡಿಯುತ್ತಿದೆ.

ಕಾನೂನೂ ನಮ್ಮ ಕಡೆಗಿದೆ. 1995ರ ಕಾಯ್ದೆಯಲ್ಲೇ ಗಾಲಿಕುರ್ಚಿಯವರಿಗೆ ತಕ್ಕ ಶೌಚಾಲಯದ ಮಾತಿತ್ತು. 'ಆರ್ಥಿಕ ಶಕ್ತಿಯ ಮಿತಿಯೊಳಗೆ' ಎಂಬ ನೆಪವೂ ಜೊತೆಗಿತ್ತು. 2016ರ ಕಾಯ್ದೆ ಹಳೆಯ ಕಟ್ಟಡಗಳಿಗೂ 5 ವರ್ಷದ ಗಡುವು ಹಾಕಿತು. ನಿಯಮ ಹೊರಟದ್ದು 2017ರ ಜೂನ್‌ನಲ್ಲಿ; ಗಡುವು 2022ಕ್ಕೇ ಮುಗಿಯಿತು. ಇಂಥ ಸೌಕರ್ಯದ ಅಳತೆಗಳು ಬರೀ ಸಲಹೆಯಾದರೆ ಸಾಲದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರ್ 8ರಂದು ರಾಜೀವ್ ರತೂರಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಓದುಗರು ಇನ್ನೊಂದು ಮಾತು ಗಮನಿಸಬೇಕು. ಈ ಕಾಯ್ದೆಯ ಪ್ರಕಾರ ಸಾರ್ವಜನಿಕ ಕಟ್ಟಡವೆಂದರೆ ಸರ್ಕಾರದ್ದು ಮಾತ್ರವಲ್ಲ, ಜನ ಸೇರುವ ಖಾಸಗಿ ಜಾಗವೂ ಹೌದು; ಧಾರ್ಮಿಕ, ಸಾಂಸ್ಕೃತಿಕ ಕಟ್ಟಡಗಳೂ ಸೇರಿವೆ. ಹಾಗಾದರೆ ನಮ್ಮ ದೇವಾಂಗರ ಚೌಡೇಶ್ವರಿ ಗುಡಿ, ಕಲ್ಯಾಣ ಮಂಟಪಗಳು? ನಗರಪಾಲಿಕೆಗೆ ಅರ್ಜಿ ಬರೆಯೋಣ, ಬಿಡೋದು ಬೇಡ. ಅದರ ಜೊತೆಗೇ ಈ ವರ್ಷದ ಸಂಘದ ಸಭೆಯಲ್ಲಿ, ಗೋಪುರಕ್ಕೆ ಬಣ್ಣ ಬಳಿಸುವ ಮುನ್ನ, ಇಂಥದೊಂದು ಶೌಚಾಲಯಕ್ಕೆ ಹಣ ಎತ್ತಿಡಿ. ಬೀಗ ಮಾತ್ರ ಹಾಕಬೇಡಿ.