ಕೆರೆ ಏರಿಯ ಆಚೆಗಿನ ಅಂಕಸಮುದ್ರ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಹಕ್ಕಿಗಳಿಗೆಂದು ಕಟ್ಟಿದ ಕೆರೆಯಲ್ಲ. ಹೊಲಗದ್ದೆಗೆ ನೀರುಣಿಸಲು ಶತಮಾನಗಳ ಹಿಂದೆ ಕಟ್ಟಿದ್ದು. ಇವತ್ತು ಅದರ ನೀರಿನಲ್ಲಿ ನಿಂತ ಜಾಲಿಮರಗಳೇ ಹಕ್ಕಿಗಳ ಕೇರಿ. 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ, ರಾತ್ರಿ ತಂಗುತ್ತವೆ. 2017ರಲ್ಲಿ ಸರ್ಕಾರ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ವಿಸ್ತೀರ್ಣ ಸುಮಾರು 244 ಎಕರೆ.

ನನ್ನ ಚಿಂತೆ ಇರುವುದು ಈ 244 ಎಕರೆಯ ಬಗ್ಗೆಯೇ. ಅಷ್ಟು ಹಕ್ಕಿಗಳ ಹೊಟ್ಟೆ ಇಷ್ಟೇ ಜಾಗದಲ್ಲಿ ತುಂಬದು. ಬಣ್ಣದ ಕೊಕ್ಕರೆ ಕಣ್ಣಿಗಿಂತ ಕೊಕ್ಕಿನ ಸ್ಪರ್ಶವನ್ನೇ ನಂಬಿ ಮೀನು ಹಿಡಿಯುತ್ತದೆ. ಕೊಕ್ಕನ್ನು ಅರ್ಧ ತೆರೆದು ನೀರಿಗೆ ಅದ್ದಿ, ಅತ್ತಿಂದಿತ್ತ ಆಡಿಸುತ್ತ ನಡೆಯುತ್ತದೆ. ಮೀನು ತಾಗಿತೋ, ಕೊಕ್ಕು ಥಟ್ಟನೆ ಮುಚ್ಚುತ್ತದೆ. ನೀರು ಆಳವಾದರೆ ಈ ವಿದ್ಯೆ ನಡೆಯದು. ಹಾಗಾಗಿ ತುಂಗಭದ್ರಾ ಹಿನ್ನೀರಿನ ಅಂಚು, ಸಣ್ಣ ಕೆರೆ, ಹಳ್ಳಗಳಂಥ ತೆಳುನೀರು ಅದಕ್ಕೆ ಬೇಕೇ ಬೇಕು. ಕರಿತಲೆ ಕೆಂಬರಲು ಒದ್ದೆ ಹೊಲದ ಕೆಸರನ್ನೂ ಬಿಡದೆ ಕೆದಕಿ ಹುಳು, ಕಪ್ಪೆ ಹೆಕ್ಕುತ್ತದೆ. ಗೂಡಿಗೆ ಮೀಸಲಿನ ರಕ್ಷಣೆಯಿದೆ, ಊಟಕ್ಕಿಲ್ಲ.

ಊಟವನ್ನೂ ಕಾಯಬೇಕೆಂಬುದನ್ನು ಜಪಾನಿನ ತೊಯೊಓಕಾ ಪಟ್ಟಣ ಕಷ್ಟಪಟ್ಟು ಕಲಿಯಿತು. ಬೇಟೆ, ಗೂಡಿನ ಮರಗಳ ನಾಶ, ಗದ್ದೆಗೆ ಸುರಿದ ಕೀಟನಾಶಕ ಎಲ್ಲ ಸೇರಿ 1971ರಲ್ಲಿ ಆ ದೇಶದ ಕೊನೆಯ ಕಾಡು ಕೊಕ್ಕರೆ ಅಲ್ಲೇ ಸತ್ತಿತು. 1985ರಲ್ಲಿ ಸೋವಿಯತ್ ಒಕ್ಕೂಟದಿಂದ ಆರು ಮರಿಗಳನ್ನು ತಂದರು, 1989ರಲ್ಲಿ ಪಂಜರದಲ್ಲಿ ಸಂತಾನವಾಯಿತು, 2005ರಲ್ಲಿ ಐದು ಹಕ್ಕಿಗಳನ್ನು ಹೊರಬಿಟ್ಟರು. ಬಿಡುವ ಮೊದಲೇ ಗದ್ದೆ ಸಿದ್ಧವಾಗಬೇಕಿತ್ತು. ರೈತರು ವಿಷ ಕಡಿಮೆ ಮಾಡಿದರು, ಕೆಲವರು ಪೂರ್ತಿ ಬಿಟ್ಟರು. ಬೇಸಿಗೆಯಲ್ಲಿ ಗದ್ದೆಯ ನೀರು ಬಸಿಯುವ ಕೆಲಸವನ್ನು ಗೊದಮೊಟ್ಟೆಗಳಿಗೆ ಕಾಲು ಮೂಡುವವರೆಗೆ ಮುಂದೂಡಿದರು. ಚಳಿಗಾಲದಲ್ಲೂ ನೀರು ನಿಲ್ಲಿಸಿದರು. ಕಪ್ಪೆ ಹೆಚ್ಚಿತು, ಪೈರು ತಿನ್ನುವ ಹುಳುಗಳಿಗೆ ಕಡಿವಾಣವೂ ಬಿತ್ತು. ಕೊಕ್ಕರೆಯ ಹೆಸರಿನಲ್ಲೇ ಮಾರುವ ಆ ಅಕ್ಕಿಗೆ ಹೆಚ್ಚು ಬೆಲೆ ಸಿಗುತ್ತದೆ. ಈ ಬೆಲೆಯಿಲ್ಲದೆ ಉಳಿದದ್ದು ಬಹುಕಾಲ ಬಾಳುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ನಮ್ಮ ಕಡೆಯ ಹಡಗಲಿ, ಕೊಟ್ಟೂರಿನ ಮಳೆಯಾಶ್ರಿತ ಹೊಲಕ್ಕೆ ಚಳಿಗಾಲದ ನೀರಿನ ಪಾಠ ಹೊಂದದು. ಆದರೆ ಔಷಧಿ ಸಿಂಪಡಿಸುವ ಪಂಪನ್ನು ಕಾಲುವೆಯಲ್ಲಿ ತೊಳೆಯದಿರುವುದು, ಮರಿಗಳು ಹಾರುವವರೆಗೆ ಕೆರೆಯ ತಳನೀರು ಬರಿದಾಗದಂತೆ ನೋಡಿಕೊಳ್ಳುವುದು ಇಲ್ಲೂ ಆಗುವ ಮಾತು. ಹಕ್ಕಿಗಳೂ ಋಣ ತೀರಿಸುತ್ತವೆ: ಮದ್ದೂರಿನ ಕೊಕ್ಕರೆಬೆಳ್ಳೂರಿನಲ್ಲಿ ಅವುಗಳ ಹಿಕ್ಕೆಯನ್ನು ಊರವರು ಬಹುಕಾಲದಿಂದ ಗೊಬ್ಬರ ಮಾಡಿಕೊಂಡಿದ್ದಾರೆ.

ಕೂಡ್ಲಿಗಿಯ ಗುಡೇಕೋಟೆಯ ಕಲ್ಲುಗುಡ್ಡಗಳಿಗೆ ಬಂದರೆ ಮಾತು ಬೇರೆ. ಅಲ್ಲಿನ ಕರಡಿಧಾಮದ ಸುತ್ತ ಹೊಲಗಳಿವೆ, ಕರಡಿ ಹೊಟ್ಟೆಪಾಡಿಗೆ ಅಲ್ಲಿಗೂ ಇಳಿಯುತ್ತದೆ. ಹತ್ತಿರದಲ್ಲಿ ದಿಢೀರ್ ಎದುರಾದ ಮನುಷ್ಯನ ಮೇಲೆ ಹೆದರಿ ಎರಗುವುದು ಅದರ ಸ್ವಭಾವ. ಕೊಕ್ಕರೆಯ ಹೆಸರಲ್ಲಿ ಅಕ್ಕಿ ಮಾರಿದಂತೆ ಇಲ್ಲಿ ಕರಡಿಯ ಹೆಸರಲ್ಲಿ ಶೇಂಗಾ ಮಾರಿದರೆ ಮುಖ ಹರಿಸಿಕೊಂಡವರ ನೋವು ತೀರದು. ಗುಡ್ಡದಲ್ಲಿ ಬಾರೆ, ಕವಳೆ ಗಿಡ ಮತ್ತು ಗೆದ್ದಲಿನ ಹುತ್ತ ಉಳಿಯಬೇಕು, ಗಾಯಕ್ಕೂ ಬೆಳೆ ನಷ್ಟಕ್ಕೂ ಪರಿಹಾರ ತಡವಿಲ್ಲದೆ ಕೈ ಸೇರಬೇಕು. ನಸುಕಿನಲ್ಲಿ ಬಯಲಿಗೆ ಹೋಗುವ ಹೆಂಗಸರಿಗೆ ಮನೆಯಲ್ಲೇ ನೀರಿರುವ ಶೌಚಾಲಯ ಸಿಕ್ಕರೆ, ಅದೂ ಕರಡಿ ಸಂರಕ್ಷಣೆಯ ಕೆಲಸವೇ.