ಕಡಲತಳದ ಹೂಳಿನಲ್ಲಿ ತೈಲ: ಮೂಲಶೋಧನೆಯ ಸ್ವರೂಪ

ಒಂದೇ ಕಥೆಯ ಹಲವು ಪಾಠಗಳನ್ನು ಎದುರಿಗಿಟ್ಟುಕೊಂಡು ಅದರ ಮೂಲವನ್ನೂ ವಲಸೆಯ ದಾರಿಯನ್ನೂ ಗುರುತಿಸುವುದು ಜಾನಪದ ಅಧ್ಯಯನದ ಹಳೆಯ ವಿಧಾನ. ಸಮುದ್ರತಳದ ಹೂಳಿನಲ್ಲಿ ಸೇರಿಕೊಂಡ ಹೈಡ್ರೋಕಾರ್ಬನ್‌ಗಳ ಮೂಲವನ್ನು ಅರಸುವ ರಸಾಯನ ವಿಜ್ಞಾನಿಯ ಕೆಲಸವೂ ಇದಕ್ಕೆ ಸಮೀಪವಾದುದು. ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಒಳಗಡಲಿನ ನಿದರ್ಶನದ ಮೂಲಕ ಈ ಶೋಧನೆಯ ಸ್ವರೂಪವನ್ನು ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೂಳಿನ ಹೈಡ್ರೋಕಾರ್ಬನ್‌ಗಳಿಗೆ ಸ್ಥೂಲವಾಗಿ ಮೂರು ಮೂಲಗಳುಂಟು. ನೆಲದ ಸಸ್ಯಗಳ ಎಲೆಯ ಮೇಣದಿಂದ ಬಂದವುಗಳಲ್ಲಿ ಬೆಸಸಂಖ್ಯೆಯ ಇಂಗಾಲದ ಸರಪಳಿಗಳು ಹೆಚ್ಚು; ಕಚ್ಚಾತೈಲದಲ್ಲಿ ಬೆಸ-ಸರಿಗಳ ಈ ಅಂತರ ಬಹುಮಟ್ಟಿಗೆ ಅಳಿದಿರುತ್ತದೆ. ಸೌದೆ, ಕಲ್ಲಿದ್ದಲು, ಇಂಧನಗಳ ದಹನದಿಂದ ಹುಟ್ಟಿದವುಗಳಲ್ಲಿ ಉಪಶಾಖೆಗಳಿಲ್ಲದ ಬಹುವಲಯ ಅಣುಗಳು ಪ್ರಧಾನವಾದರೆ, ತೈಲದಲ್ಲಿ ಉಪಶಾಖೆಗಳುಳ್ಳವು ಪ್ರಧಾನ. ಹೋಪೇನ್‌ನಂತಹ ಅಣುಗಳು ಬಿಸಿಲು, ಅಲೆ, ಸೂಕ್ಷ್ಮಜೀವಿಗಳ ಹೊಡೆತವನ್ನು ಬಹುಕಾಲ ತಾಳಿಕೊಳ್ಳುವುದರಿಂದ ಒಂದು ತೈಲವನ್ನು ಇನ್ನೊಂದರಿಂದ ಬೇರ್ಪಡಿಸಲು ನೆರವಾಗುತ್ತವೆ.

1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಜ್ ಎಂಬ ತೈಲವಾಹಕ ಹಡಗು ಬ್ಲೈ ದಿಬ್ಬಕ್ಕೆ ಬಡಿದು ಸುಮಾರು 1.1 ಕೋಟಿ ಗ್ಯಾಲನ್ ಕಚ್ಚಾತೈಲ ಆ ಒಳಗಡಲಿಗೆ ಸೋರಿತು. ಆದರೆ ದಡದಲ್ಲಿ ದೊರೆತ ಡಾಂಬರಿನ ಉಂಡೆಗಳೆಲ್ಲವೂ ಆ ಹಡಗಿನವಾಗಿರಲಿಲ್ಲ. ಕೆಲವು ಕ್ಯಾಲಿಫೋರ್ನಿಯಾದ ಮಾಂಟೆರೆ ಶಿಲಾಸ್ತರದ ತೈಲದಿಂದ ಬಂದವು. 1964ರ 9.2 ಪ್ರಮಾಣದ ಭೂಕಂಪದಲ್ಲಿ ವಾಲ್ಡೀಜ್ ಪಟ್ಟಣದ ಡಾಂಬರು ಸಂಗ್ರಹಾಗಾರಗಳು ಒಡೆದದ್ದೇ ಇದಕ್ಕೆ ಕಾರಣವೆಂದು ಭೂವಿಜ್ಞಾನಿಗಳು ಅಭಿಪ್ರಾಯಪಟ್ಟರು.

ಆಳದ ಹೂಳಿನಲ್ಲಿ ಸೋರಿಕೆಗೂ ಮುನ್ನವೇ ಇದ್ದ ಹೈಡ್ರೋಕಾರ್ಬನ್‌ಗಳ ವಿಚಾರದಲ್ಲಿ ವಾದ ಇನ್ನೂ ತೀವ್ರವಾಯಿತು. ತೈಲ ಕಂಪನಿಯ ನೆರವು ಪಡೆದ ಸಂಶೋಧಕರು ಅದನ್ನು ಮುಖ್ಯವಾಗಿ ನೈಸರ್ಗಿಕ ತೈಲ ಒಸರುಗಳ ಫಲವೆಂದರು. ಸರ್ಕಾರಿ ಸಂಸ್ಥೆಗಳ ಸಂಶೋಧಕರು ಕಲ್ಲಿದ್ದಲಿನ ಸವೆತದ ಫಲವೆಂದರು. ಇದು ಬರಿಯ ಪಾಂಡಿತ್ಯದ ಚರ್ಚೆಯಲ್ಲ. ಕಲ್ಲಿದ್ದಲಿನ ಕಣಗಳೊಳಗೆ ಬಂಧಿತವಾದ ಹೈಡ್ರೋಕಾರ್ಬನ್ ಜೀವಿಗಳ ಒಡಲಿಗೆ ಸುಲಭವಾಗಿ ಸೇರದು. ಒಸರಿದ ತೈಲ ಸೇರೀತು. ಆದುದರಿಂದ ಅಲ್ಲಿಯ ಜೀವಿಗಳು ಮೊದಲೇ ತೈಲಕ್ಕೆ ಒಡ್ಡಿಕೊಂಡಿದ್ದವೇ, ಹಾನಿಯ ಹೊಣೆ ಯಾರದು ಎಂಬ ಪ್ರಶ್ನೆಗಳು ಈ ನಿರ್ಣಯವನ್ನೇ ಅವಲಂಬಿಸಿದ್ದವು.

ಈ ಪ್ರಶ್ನೆಗಳ ಭಾರವನ್ನು ಹೊತ್ತವರು ಕಡಲನ್ನೇ ನಂಬಿದ ಅಲುಟಿಕ್ ಜನ. ಅವರ ಚೆನೆಗಾ ಗ್ರಾಮ 1964ರ ಭೂಕಂಪದೊಡನೆ ಬಂದ ಸುನಾಮಿಯಲ್ಲಿ ನಾಶವಾಯಿತು. ನಿವಾಸಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಮಡಿದರು. ಉಳಿದವರು 1984ರಲ್ಲಿ ಇವಾನ್ಸ್ ದ್ವೀಪದಲ್ಲಿ ಮತ್ತೆ ಊರು ಕಟ್ಟಿದರು. ಐದು ವರ್ಷಗಳಲ್ಲಿ ತೈಲ ಅಲ್ಲಿಗೂ ಬಂದಿತು. ಎರಡು ದುರಂತಗಳೂ ಗುಡ್ ಫ್ರೈಡೆಯಂದೇ ಸಂಭವಿಸಿದವು. ಜನರ ನೆನಪು ಜೋಡಿಸಿಟ್ಟುಕೊಳ್ಳುವ ಈ ಎರಡು ದಿನಗಳ ಗುರುತು ದಡದ ಡಾಂಬರಿನಲ್ಲಿಯೂ ಬೇರೆಬೇರೆಯಾಗಿ ಉಳಿದಿದೆ. ಮೂಲಗಳು ಬೆರೆತಿವೆಯೆಂಬುದು ಹೊಣೆಗಾರಿಕೆಯನ್ನು ಅಳಿಸುವುದಿಲ್ಲ. ಅವುಗಳನ್ನು ಬಿಡಿಸಿ ಓದಿದಾಗಲೇ ಹೊಣೆ ಸ್ಪಷ್ಟವಾಗುತ್ತದೆ ಎಂಬುದು ಈ ನಿದರ್ಶನದಿಂದ ವ್ಯಕ್ತವಾಗುತ್ತದೆ.